ತುಕ್ಕು ಹಿಡಿದ ಹಳೇ ಮಸ್ಟ್ಯಾಂಗ್, ಮನೆಮಂದಿಯ ಕೈಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಮನೆಗಳಿಂದ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಉತ್ತರಗಳು 1965 ಮತ್ತು 1966ರ ಫೋರ್ಡ್ ಮಸ್ಟ್ಯಾಂಗ್ ಕುರಿತವು. ಕಮಾರೋ, ಚಾರ್ಜರ್, ಜಿಟಿಓ ಇಟ್ಟುಕೊಂಡವರಿಗೂ ತುಕ್ಕು, ವೆಲ್ಡಿಂಗ್, ಬಣ್ಣದ ಭಾಗ ಹೊಂದುತ್ತದೆ. ಅಳತೆಗಳಿಗೆ ಮಾತ್ರ ನಿಮ್ಮ ಗಾಡಿಯ ಶಾಪ್ ಮ್ಯಾನ್ಯುಯಲ್ಲನ್ನೇ ನೋಡಿ.

## ಗಾಡಿ ಕೊಳ್ಳುವ ಮೊದಲು

ಮಸ್ಟ್ಯಾಂಗ್ ನಿಜಕ್ಕೂ ಮಸಲ್ ಕಾರೇನಾ? ಒಬ್ಬರು ಅಲ್ಲ ಅಂದ್ರು.

ಕಟ್ಟುನಿಟ್ಟಾಗಿ ಹೇಳಿದರೆ ಅಲ್ಲ. ಮಧ್ಯಮ ಗಾತ್ರದ ಗಾಡಿಗೆ ದೊಡ್ಡ ಇಂಜಿನ್ ಕೂರಿಸಿದ್ದನ್ನು ಮಸಲ್ ಕಾರ್ ಅನ್ನುತ್ತಾರೆ. 389 ಕ್ಯೂಬಿಕ್ ಇಂಚಿನ ಇಂಜಿನ್ನಿನ 1964ರ ಪಾಂಟಿಯಾಕ್ ಜಿಟಿಓ ಅದಕ್ಕೆ ಮಾದರಿ. 1964ರ ಏಪ್ರಿಲ್ 17ರಂದು ಬಿಡುಗಡೆಯಾದ ಮಸ್ಟ್ಯಾಂಗ್ ಸಣ್ಣ ಗಾತ್ರದ ಫಾಲ್ಕನ್ ಕಾರಿನ ತಳಹದಿಯ ಮೇಲೆ ಎದ್ದದ್ದು. ಅದರಿಂದಲೇ ಆ ಜಾತಿಗೆ ಪೋನಿ ಕಾರ್ ಎಂಬ ಹೆಸರು ಬಂತು. ದುರಸ್ತಿ ಮಾಡುವವರಿಗೆ ಈ ಭೇದದಿಂದ ಆಗಬೇಕಾದ್ದು ಏನೂ ಇಲ್ಲ.

ಮಗಳಿಗೆ ಹದಿನಾಲ್ಕು ವರ್ಷ. ಇಬ್ಬರಿಗೂ ಸ್ಪ್ಯಾನರ್ ಹಿಡಿದು ಅಭ್ಯಾಸ ಇಲ್ಲ. ಯಾವ ಗಾಡಿ ತಗೊಂಡ್ರೆ ಒಳ್ಳೇದು?

1965 ಅಥವಾ 1966ರ ಕೂಪೆ, ಅಂದರೆ ಗಟ್ಟಿ ಮೇಲ್ಛಾವಣಿಯ ಎರಡು ಬಾಗಿಲಿನ ಗಾಡಿ. ಮುಖ್ಯ ಕಾರಣ ಬಿಡಿಭಾಗ. 1966ರ ಮಾದರಿಯೊಂದೇ ಆರು ಲಕ್ಷಕ್ಕೂ ಮೀರಿ ತಯಾರಾಯಿತು. ಹಾಗಾಗಿ ಬಾಗಿಲ ಹಿಡಿಯ ಸ್ಪ್ರಿಂಗಿನಿಂದ ಹಿಡಿದು ಇಡೀ ನೆಲದ ತಗಡಿನವರೆಗೆ ಎಲ್ಲವೂ ಹೊಸದಾಗಿ ಸಿಗುತ್ತದೆ. ಅಪರೂಪದ ಗಾಡಿ ಕೊಂಡರೆ ಒಂದು ಕ್ರೋಮ್ ಪಟ್ಟಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಹದಿಹರೆಯದ ಮಗುವಿನ ಆಸಕ್ತಿ ಬೇರೆಡೆಗೆ ಹೋಗಿರುತ್ತದೆ.

ಕನ್ವರ್ಟಿಬಲ್ ಮೊದಲ ಗಾಡಿಯಾಗಿ ಬೇಡ. ಮೇಲ್ಛಾವಣಿ ಇಲ್ಲದ್ದರಿಂದ ಅದರ ಬಲವೆಲ್ಲ ನೆಲದಲ್ಲೂ ಬಾಗಿಲ ಕೆಳಗಿನ ರಾಕರ್ ತಗಡಿನಲ್ಲೂ ಇದೆ. ಅವು ಕೊಳೆತಿದ್ದರೆ ಗಾಡಿ ನಡುವೆ ಬಾಗಿರುತ್ತದೆ. ಫಾಸ್ಟ್‌ಬ್ಯಾಕ್ (ಮೇಲ್ಛಾವಣಿ ಹಿಂದಕ್ಕೆ ಇಳಿಜಾರಾಗಿರುವುದು) ಚೆಂದವೇ, ಆದರೆ ಕೊಳೆತದ್ದಕ್ಕೂ ದುಬಾರಿ ಬೆಲೆ.

ಮಿಶಿಗನ್, ಒಹಾಯೋ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವುದರಿಂದ ಅಲ್ಲಿ ಓಡಿದ ಗಾಡಿಯ ತಳ ಹೋಗಿರುತ್ತದೆ. ಅರಿಜೋನಾ, ನ್ಯೂ ಮೆಕ್ಸಿಕೋ ಗಾಡಿಗಳಲ್ಲಿ ಸೀಟು, ರಬ್ಬರು, ಡ್ಯಾಶ್ ಬಿಸಿಲಿಗೆ ಸುಟ್ಟಿರುತ್ತವೆ, ತಗಡು ಗಟ್ಟಿ. ಸೀಟು ಬದಲಿಸುವುದು ಒಂದೆರಡು ವಾರಾಂತ್ಯದ ಕೆಲಸ, ತಗಡು ಒಂದು ವರ್ಷದ ಕೆಲಸ. ಮರುಭೂಮಿಯಿಂದ ಲಾರಿಯಲ್ಲಿ ತರಿಸಿದರೂ ಲಾಭವೇ.

ಮಾರುವವರು 'ಒರಿಜಿನಲ್ ವಿ8' ಅಂತಾರೆ. ನಂಬೋದು ಹೇಗೆ?

ಕಾರ್ಖಾನೆಯಿಂದಲೇ ವಿ8 (ಎಂಟು ಸಿಲಿಂಡರಿನ ಇಂಜಿನ್) ಬಂದಿತ್ತೇ ಎಂದು ವಿಐಎನ್, ಅಂದರೆ ಗಾಡಿಯ ಗುರುತಿನ ಸಂಖ್ಯೆಯೇ ಹೇಳುತ್ತದೆ. ಬಾನೆಟ್ ಎತ್ತಿ, ಡ್ರೈವರ್ ಕಡೆಯ ಒಳ ತಗಡಿನ ಮೇಲೆ ಮಡ್‌ಗಾರ್ಡ್ ಅಂಚಿನ ಸಣ್ಣ ಕಿಂಡಿಯಲ್ಲಿ ನೋಡಿ. 5ಎಫ್07ಸಿ ಎಂದು ಶುರುವಾದರೆ: 5 ಅಂದರೆ 1965ರ ಮಾದರಿ, ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ (ಆರ್ ಇದ್ದರೆ ಸ್ಯಾನ್ ಹೋಸೆ, ಟಿ ಇದ್ದರೆ ಮೆಟಚನ್), 07 ಕೂಪೆ, 08 ಕನ್ವರ್ಟಿಬಲ್, 09 ಫಾಸ್ಟ್‌ಬ್ಯಾಕ್, ಸಿ ಅಂದರೆ ಎರಡು ಬ್ಯಾರೆಲ್ ಕಾರ್ಬ್ಯುರೇಟರಿನ 289 ಕ್ಯೂಬಿಕ್ ಇಂಚಿನ ವಿ8. ಎ ಎಂದರೆ ನಾಲ್ಕು ಬ್ಯಾರೆಲ್ಲಿನ 289, ಕೆ ಎಂದರೆ 271 ಅಶ್ವಶಕ್ತಿಯ 289, ಟಿ ಎಂದರೆ ಆರು ಸಿಲಿಂಡರಿನ 200.

ಚಕ್ರದ ನಟ್ಟುಗಳನ್ನೂ ಎಣಿಸಿ. ಆರು ಸಿಲಿಂಡರ್ ಗಾಡಿಗೆ ಕಾರ್ಖಾನೆ ಹಾಕಿದ್ದು ನಾಲ್ಕು ನಟ್ಟಿನ ಚಕ್ರ, ವಿ8ಗೆ ಐದು. ನಾಲ್ಕು ನಟ್ಟಿನ ಗಾಡಿಯಲ್ಲಿ ವಿ8 ಕೂತಿದ್ದರೆ ಆರು ಸಿಲಿಂಡರಿನ ಸಣ್ಣ ಬ್ರೇಕು, ತೆಳು ಆಕ್ಸಲ್ ಹಾಗೇ ಉಳಿದಿವೆ ಎಂದರ್ಥ. ಅದನ್ನು ಬದಲಿಸುವ ಖರ್ಚು ನಿಮ್ಮ ತಲೆಗೆ ಬರುತ್ತದೆ. ಬಾಗಿಲಿನ ಫಲಕದ ಸಂಖ್ಯೆಯೂ ತಗಡಿನ ಸಂಖ್ಯೆಯೂ ಟೈಟಲ್ (ಮಾಲೀಕತ್ವದ) ಪತ್ರದ ಸಂಖ್ಯೆಯೂ ಒಂದೇ ಆಗಿರಬೇಕು. ಟೈಟಲ್ಲಿನಲ್ಲಿ ಒಂದು ಅಕ್ಷರ ಬೇರೆ ಇದ್ದರೂ ದುಡ್ಡು ಕೊಡಬೇಡಿ.

ತುಕ್ಕು ಎಲ್ಲೆಲ್ಲಿ ನೋಡಬೇಕು? ಹೊರಗಿಂದ ಗಾಡಿ ಚೆನ್ನಾಗೇ ಕಾಣುತ್ತೆ.

ಹೊರಗೆ ಕಾಣುವ ತುಕ್ಕು ಸಣ್ಣ ಸಮಸ್ಯೆ. ಈ ಗಾಡಿಗೆ ಪ್ರತ್ಯೇಕ ಚಾಸಿ ಇಲ್ಲ. ನೆಲ, ರಾಕರ್, ತಳದ ಉದ್ದನೆಯ ತೊಲೆಗಳಾದ ರೈಲುಗಳು ಎಲ್ಲ ಒಟ್ಟಾಗಿ ಭಾರ ಹೊರುತ್ತವೆ. ಆದ್ದರಿಂದ ನೀರು ಯಾವ ದಾರಿಯಲ್ಲಿ ಒಳಬಂದು ಎಲ್ಲಿ ನಿಂತಿದೆ ಎಂದು ಹುಡುಕಬೇಕು.

ಮೊದಲು ಕೌಲ್. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಬರುವ ಜಾಲರಿ ಇದೆಯಲ್ಲ, ಅದರ ಕೆಳಗೆ ಎರಡು ತಗಡುಗಳ ನಡುವೆ ಮುಚ್ಚಿದ ಪೆಟ್ಟಿಗೆ. ಮಳೆ ನೀರು ಅದರೊಳಗೆ ಬಿದ್ದು ಎರಡೂ ಬದಿಯಿಂದ, ಮಡ್‌ಗಾರ್ಡಿನ ಹಿಂದೆ ಇಳಿಯಬೇಕು. ಎಲೆ, ಕಸ ತುಂಬಿ ನೀರು ನಿಂತರೆ ಒಳಗಾಳಿಯ ರಂಧ್ರಗಳ ಸುತ್ತಲಿನ ಕೊರಳು ಕೊಳೆಯುತ್ತದೆ. ಆಮೇಲೆ ಪ್ರತಿ ಮಳೆಯ ನೀರೂ ಕಾಲಿನ ಜಾಗಕ್ಕೆ ಇಳಿದು, ಕಾರ್ಪೆಟ್ಟಿನ ಅಡಿಯ ಸೆಣಬು ಒದ್ದೆಯಾಗಿಯೇ ಉಳಿದು, ನೆಲ ಮೇಲಿಂದ ಕೆಳಕ್ಕೆ ತೂತಾಗುತ್ತದೆ. ಒಂದು ತಂಬಿಗೆ ನೀರನ್ನು ಜಾಲರಿಗೆ ಸುರಿಯಿರಿ, ಮಗಳನ್ನು ಟಾರ್ಚ್ ಹಿಡಿದು ಡ್ಯಾಶ್ ಅಡಿ ಮಲಗಿಸಿ. ಒಂದು ಹನಿ ಬಿದ್ದರೂ ಬೆಲೆಯಲ್ಲಿ ಸಾವಿರಾರು ಡಾಲರ್ ಇಳಿಸಿ ಕೇಳಬಹುದು.

ಬಲಗಡೆ ಬ್ಯಾಟರಿಯ ಕೆಳಗಿನ ತಗಡನ್ನು ಆಸಿಡ್ ತಿಂದಿರುತ್ತದೆ. ಅದರಡಿಯ ರೈಲನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಹಿಂದಿನ ಲೀಫ್ ಸ್ಪ್ರಿಂಗಿನ ಮುಂಭಾಗ ಕೂರುವ ಜಾಗ, ಡಿಕ್ಕಿಯ ಎರಡು ಪಕ್ಕದ ತಗ್ಗು, ಹಿಂದಿನ ಚಕ್ರದ ಒಳಕಮಾನು, ಬಾಗಿಲ ತಳ, ಹಿಂಗಾಜಿನ ಕೆಳ ಅಂಚು, ಇವನ್ನೂ ನೋಡಿ. ಒಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಆಡಿಸಿ. ಹಿಡಿಯದ ಕಡೆ ತಗಡಿನ ಬದಲು ಪುಟ್ಟಿ ಇದೆ.

ಕೊನೆಗೆ ಬಾಗಿಲು. ನಿಧಾನವಾಗಿ ತೆರೆದು ಮುಚ್ಚಿ. ಹಿಂಜ್ ಸವೆದಿಲ್ಲದಿದ್ದರೂ ಮುಚ್ಚುವಾಗ ಬಾಗಿಲನ್ನು ಎತ್ತಬೇಕಾದರೆ ಅಥವಾ ಮೇಲಿನ ಸಂದು ಕೆಳಗಿನದಕ್ಕಿಂತ ಬಹಳ ಕಿರಿದಾಗಿದ್ದರೆ ಗಾಡಿಯ ನಡು ಇಳಿದಿದೆ. ಅಂಥದ್ದನ್ನು ಮೊದಲ ಗಾಡಿಯಾಗಿ ಕೊಳ್ಳಬೇಡಿ.

ಒಟ್ಟು ಎಷ್ಟು ಖರ್ಚಾಗುತ್ತೆ?

ಗಾಡಿಯ ಬೆಲೆ ಒಟ್ಟು ಖರ್ಚಿನ ಸಣ್ಣ ಪಾಲು. ಒಳ್ಳೆಯ ಅಂಗಡಿಯಲ್ಲಿ ಪೂರ್ತಿ ಬಣ್ಣ ಮಾಡಿಸಿದರೆ ಹತ್ತು ಸಾವಿರ ಡಾಲರ್ ದಾಟುವುದು ಸಾಮಾನ್ಯ. ಅದರಲ್ಲಿ ದೊಡ್ಡ ಭಾಗ ಉಜ್ಜುವ ಕೂಲಿ, ಆ ಕೂಲಿ ನಿಮ್ಮ ಮನೆಯಲ್ಲೇ ಇದೆ. ಮಾರಿ ಲಾಭ ಮಾಡುವ ಲೆಕ್ಕ ಇದ್ದರೆ ಬೇರೆಯವರು ಮುಗಿಸಿದ ಗಾಡಿ ಕೊಳ್ಳುವುದೇ ಅಗ್ಗ. ವಾರಾಂತ್ಯ ಮಾತ್ರ ಸಿಗುವ ಮನೆಯವರು ಎರಡು ಮೂರು ವರ್ಷ ಎಂದು ಇಟ್ಟುಕೊಳ್ಳಿ. ಹದಿನಾರಕ್ಕೆ ಮಗನ ಕೈಗೆ ಕೀಲಿ ಕೊಡುವ ಆಸೆ ಇದ್ದರೆ ಹದಿಮೂರಕ್ಕೆ ಶುರು ಮಾಡಿ.

## ಬಿಚ್ಚುವ ಹಂತ

ಬಿಚ್ಚೋದೇನೋ ಬಿಚ್ತೀವಿ. ವಾಪಸ್ ಜೋಡಿಸೋಕೆ ನೆನಪಿರುತ್ತಾ?

ನೆನಪಿರುವುದಿಲ್ಲ, ಅದನ್ನು ನಂಬಲೂಬೇಡಿ. ಜಿಪ್ ಚೀಲ ಮತ್ತು ಮಾರ್ಕರ್ ಪೆನ್ ಇಟ್ಟುಕೊಂಡು ಒಂದು ಕೆಲಸಕ್ಕೆ ಒಂದು ಚೀಲ ಮಾಡಿ. 'ಬೋಲ್ಟುಗಳು' ಎಂದು ಬರೆದ ಚೀಲದಿಂದ ಉಪಯೋಗವಿಲ್ಲ. 'ಎಡ ಬಾಗಿಲು, ಮೇಲಿನ ಹಿಂಜ್, ಕಂಬದ ಕಡೆ, 3' ಎಂದು ಬರೆಯಿರಿ. ಬಿಚ್ಚುವ ಮುಂಚೆ ಒಂದು ಫೋಟೋ, ಬಿಚ್ಚಿದ ಮೇಲೆ ಒಂದು. ಈ ದಾಖಲೆಯ ಜವಾಬ್ದಾರಿ ಪೂರ್ತಿ ಮಗುವಿನದೇ ಆಗಿರಲಿ. ಎರಡು ವರ್ಷದ ಮೇಲೆ ಯಾವ ಬೋಲ್ಟು ಎಲ್ಲಿಯದು ಎಂದು ಅಪ್ಪನೇ ಬಂದು ಅವಳನ್ನು ಕೇಳುವಂತಾಗುತ್ತದೆ. ಹಳೇ ಭಾಗವನ್ನು ಹೊಸದು ಕೂರುವ ತನಕ ಬಿಸಾಡಬೇಡಿ: ಹೊಸ ತಗಡಿನ ತೂತುಗಳು ಎಷ್ಟೋ ಸಲ ಅರ್ಧ ಇಂಚು ಆಚೀಚೆ ಇರುತ್ತವೆ, ಹೋಲಿಸಲು ಹಳೆಯದು ಬೇಕು.

ಒಂದೇ ಸಲ ಇಡೀ ಗಾಡಿಯನ್ನು ಬಿಚ್ಚಿ ಹರಡುವುದೂ ಬೇಡ. ಅರ್ಧಕ್ಕೆ ನಿಂತು ಪೆಟ್ಟಿಗೆಗಳಲ್ಲಿ ಮಾರಾಟವಾಗುವ ಗಾಡಿಗಳೆಲ್ಲ ಹಾಗೆ ಬಿಚ್ಚಿದವೇ.

ಬೋಲ್ಟು ಒಂದೂ ಅಲುಗಾಡ್ತಿಲ್ಲ. ತಲೆ ಬೇರೆ ಸವೀತಿದೆ.

ಮೊದಲು ಕೈಲಿರುವ ಸಾಕೆಟ್ ನೋಡಿ. ಈ ಗಾಡಿಯದು ಇಂಚಿನ ಅಳತೆ. ಅರ್ಧ ಇಂಚಿನ ತಲೆಗೆ 13 ಮಿ.ಮೀ. ಸಾಕೆಟ್ ಕೂತಂತೆ ಕಾಣುತ್ತದೆ, ಆದರೆ ಜೋರು ಹಾಕಿದಾಗ ಮೂಲೆಗಳನ್ನು ತಿನ್ನುತ್ತದೆ. ಆರು ಮೂಲೆಯ ಇಂಚಿನ ಸಾಕೆಟ್ ತನ್ನಿ, ಹನ್ನೆರಡು ಮೂಲೆಯದು ಬೇಡ. ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಬಿಡಿ. ಅರ್ಧ ಅಸಿಟೋನ್, ಅರ್ಧ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್ ಸೇರಿಸಿದ್ದೂ ಚೆನ್ನಾಗಿ ಇಳಿಯುತ್ತದೆ. ಬೆಳಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನೇರ ಹೊಡೆತ ಕೊಟ್ಟು, ಮೊದಲು ಬಿಗಿ ಮಾಡುವ ದಿಕ್ಕಿಗೆ ಕೂದಲೆಳೆಯಷ್ಟು ಅಲುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಆಗಲೂ ಬರದಿದ್ದರೆ ನಟ್ಟನ್ನು ಕಾಯಿಸಬೇಕು. ಎಣ್ಣೆ ಬಿಟ್ಟ ಜಾಗಕ್ಕೆ ಬೆಂಕಿ ಹಿಡಿಯುವ ಮುಂಚೆ ಪೂರ್ತಿ ಒರೆಸಿ. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪು ಹತ್ತಿರವಿದ್ದರೆ ಬೆಂಕಿ ಬೇಡವೇ ಬೇಡ, ಕತ್ತರಿಸಿ ಹೊಸದು ಹಾಕಿ.

ಮಕ್ಕಳಿಗೆ ಯಾವ ಕೆಲಸ ಕೊಡಬಾರದು?

ಆ ಕಾಲದ ಬಣ್ಣದಲ್ಲಿ ಸೀಸ ಇದೆ, ಮೇಲ್ಛಾವಣಿ ಮತ್ತು ಹಿಂದಿನ ಪಕ್ಕದ ತಗಡು ಸೇರುವ ಕೀಲಿಗೆ ಕಾರ್ಖಾನೆಯಲ್ಲೇ ಸೀಸ ತುಂಬಿದ್ದಾರೆ. ಹಳೇ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಎಬ್ಬಿಸುವ ಧೂಳು ಮಕ್ಕಳಿಗೆ ವಿಷ. ಆ ಹಂತ ದೊಡ್ಡವರದು, ಅದೂ ನುಣ್ಣನೆ ಧೂಳನ್ನೂ ತಡೆಯುವ ಪಿ100 ಫಿಲ್ಟರಿನ ಮಾಸ್ಕ್ ಹಾಕಿಕೊಂಡು. ಅದೇ ಬಟ್ಟೆಯಲ್ಲಿ ಮನೆಯೊಳಗೆ ಬರಬಾರದು. ಹಳೇ ಬ್ರೇಕ್ ಶೂ, ಕ್ಲಚ್ ಪ್ಲೇಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ಮಿನ ಧೂಳಿಗೆ ಗಾಳಿ ಊದಬೇಡಿ, ಒದ್ದೆ ಮಾಡಿ ಒರೆಸಿ ಚೀಲಕ್ಕೆ ಹಾಕಿ.

ಮುಂದಿನ ಕಾಯಿಲ್ ಸ್ಪ್ರಿಂಗ್ ಮೇಲಿನ ಕಂಟ್ರೋಲ್ ಆರ್ಮ್ ಮೇಲೆ, ಶಾಕ್ ಟವರಿನೊಳಗೆ ಒತ್ತಿ ಕೂತಿದೆ. ಟವರಿನ ಮೇಲಿಂದ ಇಳಿಸುವ ಸರಿಯಾದ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಅದು ಹಾರಿ ಮೂಳೆ ಮುರಿಯುತ್ತದೆ. ಇದಕ್ಕೆ ಮಕ್ಕಳು ಗ್ಯಾರೇಜಿನಿಂದ ಆಚೆ ಇರಲಿ.

ಇನ್ನೊಂದು ಅಪಾಯ ಹೆಚ್ಚು ಜನರಿಗೆ ಗೊತ್ತಿಲ್ಲ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹಚ್ಚಿದ ತಗಡನ್ನು ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ಪ್ರಾಣ ತೆಗೆಯುವ ಅನಿಲ ಹುಟ್ಟುತ್ತದೆ. ಕ್ಲೋರಿನ್ ಇಲ್ಲದ ಡಬ್ಬಿಯನ್ನಷ್ಟೇ ಮನೆಗೆ ತನ್ನಿ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು, ಒಂದು ನಿಮಿಷಕ್ಕೂ.

ಉಳಿದದ್ದೆಲ್ಲ ಕೊಡಿ. ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸುವುದು, ವೈರಿಂಗ್, ಸೀಟಿನ ಬಟ್ಟೆ ಎಳೆದು ರಿಂಗ್ ಹಾಕುವುದು, ಬ್ರೇಕ್ ಪೈಪ್ ಬಗ್ಗಿಸುವುದು, ಮೊದಲು ಗುಜರಿ ತಗಡಿನ ಮೇಲೆ ಕಲಿತ ನಂತರ ವೆಲ್ಡಿಂಗ್. ಟಾರ್ಚ್ ಹಿಡಿದು ನಿಲ್ಲುವ ಕೆಲಸವಷ್ಟೇ ಕೊಟ್ಟರೆ ಯಾವ ಮಗುವೂ ಎರಡನೇ ಶನಿವಾರ ಬರುವುದಿಲ್ಲ.

ಅಪ್ಪ ಊರಿಂದ ಬಂದಿದ್ದಾರೆ, ಆರು ತಿಂಗಳು ಇರ್ತಾರೆ. ಮನೇಲಿ ಕೂತು ಬೇಜಾರು ಅಂತಾರೆ. ಅವರಿಗೇನು ಕೊಡಲಿ?

ಇಗ್ನಿಷನ್, ಅಂದರೆ ಕಿಡಿ ಹುಟ್ಟಿಸುವ ಭಾಗದ ಕೆಲಸ ಕೊಡಿ. ಅಂಬಾಸಿಡರ್, ಫಿಯಟ್, ಯೆಜ್ಡಿ ಇಟ್ಟುಕೊಂಡಿದ್ದ ತಲೆಮಾರಿಗೆ ಪಾಯಿಂಟ್, ಕಂಡೆನ್ಸರ್, ಫೀಲರ್ ಗೇಜ್ ಹೊಸದಲ್ಲ. ಈಗಿನ ಅಮೆರಿಕದ ಎಷ್ಟೋ ಮೆಕ್ಯಾನಿಕ್‌ಗಳು ಅದನ್ನು ಮುಟ್ಟಿಯೇ ಇಲ್ಲ. 289ರಲ್ಲಿ ಪಾಯಿಂಟ್ ಅಂತರ 0.017 ಇಂಚು, ಪ್ಲಗ್ಗಿನದು 0.034 ಇಂಚು. ತಾತ ಹೇಳಿಕೊಡಲಿ, ಮೊಮ್ಮಗ ಮಾಡಲಿ. ಮೇಜಿನ ಮೇಲೆ ಕೂತು ಮಾಡುವ ಕೆಲಸ ಬೇರೆಯೂ ಇದೆ: ಕಾರ್ಬ್ಯುರೇಟರ್, ವೈಪರ್ ಮೋಟಾರ್, ಬಾಗಿಲ ಬೀಗ, ಮೀಟರ್ ಫಲಕ. ತಣ್ಣನೆ ಕಾಂಕ್ರೀಟ್ ನೆಲದ ಮೇಲೆ ಮಲಗುವ ಕೆಲಸ, ಭಾರ ಎತ್ತುವ ಕೆಲಸ ಅವರಿಗೆ ಬೇಡ. ಭೇಟಿಗೆ ಬಂದವರ ವೈದ್ಯಕೀಯ ವಿಮೆ ಇದ್ದರೂ, ಕೈ ತಪ್ಪಿ ಪೆಟ್ಟಾದರೆ ಆಗುವ ಬಿಲ್ ಗಾಡಿಯ ಬೆಲೆ ಮೀರಬಹುದು.

## ತುಕ್ಕು ಮತ್ತು ತಗಡು

ತುಕ್ಕಿನ ಮೇಲೆ ಹಚ್ಚೋ ಕನ್ವರ್ಟರ್ ಸಾಕಲ್ವಾ? ಕತ್ತರಿಸಲೇಬೇಕಾ?

ತಗಡು ಗಟ್ಟಿಯಾಗಿದ್ದು ಮೇಲ್ಮೈ ಮಾತ್ರ ಕೆಂಪಾಗಿದ್ದರೆ ಸಾಕು. ಎದ್ದ ಪದರವನ್ನು ವೈರ್ ಬ್ರಷ್ಷಿನಿಂದ ಕಿತ್ತು, ಕೈಗೆಟುಕದ ಸಣ್ಣ ಕುಳಿಗಳಿಗೆ ಫಾಸ್ಫಾರಿಕ್ ಆಸಿಡ್ ಇರುವ ದ್ರಾವಣ ಹಚ್ಚಿ. ಹಾಳೆ ಹಾಳೆಯಾಗಿ ಏಳುತ್ತಿದ್ದರೆ, ಚುಚ್ಚಿದಾಗ ಒಳಗೆ ಹೋಗುತ್ತಿದ್ದರೆ, ಎರಡು ತಗಡುಗಳ ನಡುವೆ ಉಬ್ಬಿದ್ದರೆ ಕತ್ತರಿಸಲೇಬೇಕು. ಕನ್ವರ್ಟರ್ ಒಳಪದರಕ್ಕೆ ಹೋಗುವುದಿಲ್ಲ, ಒಂದೆರಡು ಚಳಿಗಾಲದಲ್ಲಿ ಬಣ್ಣ ಗುಳ್ಳೆ ಏಳುತ್ತದೆ.

ತುಕ್ಕು, ಬಣ್ಣ ಕೀಳಲು ಮರಳು ಹೊಡೆಸುವವರು (ಸ್ಯಾಂಡ್ ಬ್ಲಾಸ್ಟಿಂಗ್) ಒಂದು ಮಾತು ನೆನಪಿಡಿ. ಬಾನೆಟ್, ಬಾಗಿಲು, ಮೇಲ್ಛಾವಣಿಯಂಥ ಚಪ್ಪಟೆ ತಗಡಿಗೆ ಜೋರಾಗಿ ಮರಳು ಹೊಡೆದರೆ ಅದು ಅಲೆ ಅಲೆಯಾಗಿ ಹಿಗ್ಗುತ್ತದೆ, ಮತ್ತೆ ನೆಟ್ಟಗಾಗುವುದು ಕಷ್ಟ. ಅವುಗಳಿಗೆ ಸ್ಟ್ರಿಪ್ಪರ್ ಅಥವಾ ಉಜ್ಜುವ ಯಂತ್ರ. ಮರಳು ದಪ್ಪ ಭಾಗಗಳಿಗೆ.

ಬ್ರಾಕೆಟ್, ಹಿಂಜ್ ಥರದ ಚಿಕ್ಕ ಭಾಗಗಳ ತುಕ್ಕು ಮನೇಲೇ ತೆಗೆಯೋದು ಹೇಗೆ?

ಬ್ಯಾಟರಿ ಚಾರ್ಜರ್ ಇದ್ದರೆ ಎಲೆಕ್ಟ್ರಾಲಿಸಿಸ್. ಪ್ಲಾಸ್ಟಿಕ್ ಬಕೆಟ್ಟಿಗೆ ನೀರು ತುಂಬಿ, ಗ್ಯಾಲನ್ನಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ ಕರಗಿಸಿ. ತುಕ್ಕು ಹಿಡಿದ ಭಾಗಕ್ಕೆ ಚಾರ್ಜರಿನ ನೆಗೆಟಿವ್ ತಂತಿ, ಬೇಡದ ಕಬ್ಬಿಣದ ತುಂಡಿಗೆ ಪಾಸಿಟಿವ್. ಎರಡೂ ಒಂದಕ್ಕೊಂದು ತಾಗಬಾರದು. ಒಂದು ರಾತ್ರಿ ಬಿಟ್ಟರೆ ತುಕ್ಕು ಕಪ್ಪು ಕೆಸರಾಗಿ ಉದುರುತ್ತದೆ, ಒಳ್ಳೆಯ ಲೋಹ ಹಾಗೇ ಉಳಿಯುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಕೆಟ್ ಹೊರಗೆ ಇರಲಿ, ತಂತಿ ಕೀಳುವ ಮುಂಚೆ ಚಾರ್ಜರ್ ಆರಿಸಿ. ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಯಾವತ್ತೂ ಬಳಸಬೇಡಿ. ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಸ್ಪ್ರಿಂಗುಗಳನ್ನೂ ಗ್ರೇಡ್ 8ರ ಗಟ್ಟಿ ಬೋಲ್ಟುಗಳನ್ನೂ ಇದರಲ್ಲಿ ಮುಳುಗಿಸಬಾರದು, ಹೈಡ್ರೋಜನ್ ಹೀರಿ ಪೆಡಸಾಗಿ ಮುರಿಯುತ್ತವೆ. ಹೊರತೆಗೆದ ಭಾಗವನ್ನು ತೊಳೆದು, ಒಣಗಿಸಿ, ಅದೇ ದಿನ ಪ್ರೈಮರ್ ಹಚ್ಚಿ.

ಕೌಲ್ ಸೋರ್ತಿದೆ. ಒಳಗಿಂದ ಸೀಲೆಂಟ್ ಬಡಿದ್ರೆ ಆಗಲ್ವಾ?

ಓಡುತ್ತಿರುವ ಗಾಡಿಯನ್ನು ಒಂದೆರಡು ವರ್ಷ ತಳ್ಳಲು ಆಗುತ್ತದೆ. ಕೊರಳಿನ ಜಾಗಕ್ಕೆ ಅಂಟಿಸುವ ಪ್ಲಾಸ್ಟಿಕ್ ಕಿಟ್ ಸಿಗುತ್ತದೆ. ಇಡೀ ಗಾಡಿ ಬಿಚ್ಚಿದ್ದಾಗ ಆ ದಾರಿ ಹಿಡಿಯಬೇಡಿ. ಬಾನೆಟ್, ಅದರ ಹಿಂಜ್, ಎರಡೂ ಮಡ್‌ಗಾರ್ಡ್, ವೈಪರ್ ತೆಗೆಯಿರಿ. ಮುಂಗಾಜನ್ನೂ ತೆಗೆದರೆ ಕೆಲಸ ಸಲೀಸು. ಕೌಲಿನ ಮೇಲ್ತಗಡಿನ ಅಂಚಿನಲ್ಲಿ ಸಾಲಾಗಿ ಸ್ಪಾಟ್ ವೆಲ್ಡ್‌ಗಳಿವೆ. ಪ್ರತಿಯೊಂದರ ನಡುವೆ ಪಂಚ್ ಗುರುತು ಹಾಕಿ, ಸ್ಪಾಟ್ ವೆಲ್ಡ್ ಕಟ್ಟರಿನಿಂದ ಮೇಲಿನ ಪದರವನ್ನಷ್ಟೇ ಕೊರೆಯಿರಿ. ತಗಡು ಬಿಟ್ಟ ಮೇಲೆ ಒಳಗೆ ಕಂಡದ್ದಕ್ಕೆ ತಕ್ಕಂತೆ ಕೊರಳು ಮಾತ್ರವೋ ಕೆಳತಗಡು ಪೂರ್ತಿಯೋ ಬದಲಿಸಿ, ಎಪಾಕ್ಸಿ ಪ್ರೈಮರ್, ಸೀಮ್ ಸೀಲರ್ ಹಚ್ಚಿ. ಮೇಲ್ತಗಡನ್ನು ಮುಚ್ಚಿ ವೆಲ್ಡ್ ಮಾಡುವ ಮುಂಚೆ ಪೆಟ್ಟಿಗೆಗೆ ನೀರು ತುಂಬಿ ಪರೀಕ್ಷಿಸಿ. ಮುಚ್ಚಿದ ಮೇಲೆ ಸೋರಿಕೆ ಕಂಡರೆ ಮತ್ತೆ ಅಷ್ಟೂ ವೆಲ್ಡ್ ಕೊರೆಯಬೇಕಾಗುತ್ತದೆ.

ನೆಲ ಹೊಸದು ಮಾಡುವುದು ಇದಾದ ಮೇಲೆ. ಕ್ರಮ ತಿರುಗಿಸಿದವರ ಹೊಸ ನೆಲವೂ ಅದೇ ನೀರಿಗೆ ಹೋಗುತ್ತದೆ.

ಫ್ಲೋರ್ ಪ್ಯಾನ್ (ನೆಲದ ತಗಡು) ನಾವೇ ವೆಲ್ಡ್ ಮಾಡಬಹುದಾ?

ಮಾಡಬಹುದು, ಈ ಗಾಡಿಯಲ್ಲಿ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೇಲೆ ಕಾರ್ಪೆಟ್ ಬರುತ್ತದೆ, ಗೆರೆ ಸೊಟ್ಟಗಿದ್ದರೂ ಯಾರೂ ನೋಡುವುದಿಲ್ಲ. ಮನೆಯ ಸಾಮಾನ್ಯ ಪ್ಲಗ್ಗಿಗೆ ಹಾಕುವ ಮಿಗ್ ಯಂತ್ರ (ತಂತಿಯನ್ನು ತಾನೇ ತಳ್ಳುವ ವೆಲ್ಡಿಂಗ್ ಯಂತ್ರ) ಸಾಕು. ತಂತಿ 0.023 ಇಂಚು, ಅನಿಲ 75 ಪಾಲು ಆರ್ಗಾನ್, 25 ಪಾಲು ಇಂಗಾಲದ ಡೈಆಕ್ಸೈಡ್. ಅನಿಲವಿಲ್ಲದ ಫ್ಲಕ್ಸ್ ತಂತಿ ತೆಳು ತಗಡನ್ನು ಸುಟ್ಟು ತೂತು ಮಾಡುತ್ತದೆ.

ಕತ್ತರಿಸುವ ಮುಂಚಿನ ಸಿದ್ಧತೆಯಲ್ಲೇ ಜನ ಎಡವುವುದು. ಗಾಡಿ ಸಮತಟ್ಟಾದ ನೆಲದ ಮೇಲೆ, ಸಸ್ಪೆನ್ಷನ್ ಭಾರ ಹೊರುವ ಜಾಗಗಳಲ್ಲಿ ಆನಿಕೊಂಡು ನಿಂತಿರಬೇಕು. ಬಾಗಿಲ ಸಂದುಗಳನ್ನು ಆರು ಕಡೆ ಅಳೆದು ಬರೆದಿಡಿ. ಹಿಂಜಿನ ಕಂಬದಿಂದ ಬೀಗದ ಕಂಬಕ್ಕೆ ಒಂದು ಇಂಚಿನ ಚೌಕ ಪೈಪನ್ನು ಅಡ್ಡಲಾಗಿ ವೆಲ್ಡ್ ಮಾಡಿ. ಎರಡೂ ಬದಿಯನ್ನು ಒಟ್ಟಿಗೆ ಕತ್ತರಿಸಬೇಡಿ. ಒಂದು ಬದಿ ಮುಗಿದು ತಣ್ಣಗಾಗಿ, ಸಂದು ಬದಲಾಗಿಲ್ಲ ಎಂದು ಖಾತ್ರಿಯಾದ ಮೇಲೆ ಇನ್ನೊಂದು. ಇದನ್ನು ಬಿಟ್ಟವರಿಗೆ ಕೊನೆಯಲ್ಲಿ ಬಾಗಿಲು ಮುಚ್ಚುವುದಿಲ್ಲ.

ಬ್ಯಾಟರಿ, ಪೆಟ್ರೋಲ್ ಟ್ಯಾಂಕ್, ಸೀಟು, ಕಾರ್ಪೆಟ್, ತಳದ ಟಾರು ಎಲ್ಲ ಹೊರಗೆ. ಮೊದಲು ಹೊಸ ಪ್ಯಾನನ್ನು ಹಳೆಯದರ ಮೇಲಿಟ್ಟು ಅಂಚು ಗೀಚಿ, ಆ ಗೆರೆಯಿಂದ ಒಂದು ಇಂಚು ಒಳಗೆ ಕತ್ತರಿಸಿ. ಆ ಒಂದು ಇಂಚು ಮೇಲುಕೆಳಗಾಗಿ ಕೂರುವ ಅಂಚು. ಕೆಳಗಿನ ರೈಲಿನ ಮೇಲೆ ಬರುವ ಕಡೆ ಹೊಸ ಪ್ಯಾನಿಗೆ 5/16 ಇಂಚಿನ ತೂತುಗಳನ್ನು ಒಂದೂವರೆ ಇಂಚಿಗೊಂದರಂತೆ ಹಾಕಿ. ಪ್ಲಗ್ ವೆಲ್ಡ್ ಆಗುವುದು ಅಲ್ಲೇ. ಎರಡು ತಗಡು ಮುಚ್ಚಿಕೊಳ್ಳುವ ಮುಖಗಳಿಗೆಲ್ಲ ವೆಲ್ಡ್-ಥ್ರೂ ಪ್ರೈಮರ್ ಹೊಡೆಯಿರಿ.

ವೆಲ್ಡ್ ಎಂದರೆ ಉದ್ದಕ್ಕೆ ಎಳೆಯುವುದಲ್ಲ. ಒಂದು ಚುಕ್ಕೆ ಇಲ್ಲಿ, ಮುಂದಿನದು ಅಡಿಯಷ್ಟು ದೂರ, ಆಮೇಲೆ ಮತ್ತೆ ಇಲ್ಲಿಗೆ. ಹೀಗೆ ಚುಕ್ಕೆ ಇಡುತ್ತಾ ಹೋಗಿ ನಡುವಿನ ಜಾಗ ತುಂಬುತ್ತಾ ಬನ್ನಿ, ನಮ್ಮ ಅಂಗಳದ ರಂಗೋಲಿಯಲ್ಲಿ ಮೊದಲು ಚುಕ್ಕೆ, ಆಮೇಲೆ ಗೆರೆ ಇದ್ದಂತೆ. ಒಂದೇ ಕಡೆ ಕಾದರೆ ತಗಡು ಬಳುಕುತ್ತದೆ. ತೂತು ಬಿದ್ದರೆ ಹಿಂದೆ ತಾಮ್ರದ ಪಟ್ಟಿ ಒತ್ತಿಹಿಡಿದು ತುಂಬಿ. ಕೆಲಸ ಮುಗಿದ ಮೇಲೆ ಮುಕ್ಕಾಲು ಗಂಟೆ ಗ್ಯಾರೇಜಿನಲ್ಲೇ ಇರಿ; ತಳದ ಟಾರಿನ ಚೂರು ಹೊಗೆಯಾಡುತ್ತಿದ್ದು ಆಮೇಲೆ ಹೊತ್ತಿಕೊಳ್ಳುವುದುಂಟು.

## ಇಂಜಿನ್, ಗೇರ್‌ಬಾಕ್ಸ್, ಬ್ರೇಕ್

ಇಪ್ಪತ್ತು ವರ್ಷದಿಂದ ನಿಂತಿದೆ. ಬ್ಯಾಟರಿ ಕೊಟ್ಟು ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ್ವಾ?

ಬೇಡ. ಪಿಸ್ಟನ್ನಿನ ಉಂಗುರಗಳು ಸಿಲಿಂಡರಿಗೆ ಅಂಟಿದ್ದರೆ ಸ್ಟಾರ್ಟರಿನ ಜೋರಿಗೆ ಮುರಿಯುತ್ತವೆ. ಎಂಟೂ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಎಣ್ಣೆ ಬಿಟ್ಟು, ಕೆಲವು ದಿನ ಕಾಯಿರಿ. ಏರ್ ಫಿಲ್ಟರ್, ಎಕ್ಸಾಸ್ಟ್ ಒಳಗೆ ಇಲಿಗೂಡು ಇದೆಯೇ ನೋಡಿ. ಆಮೇಲೆ ಮುಂದಿನ ಕ್ರ್ಯಾಂಕ್ ಬೋಲ್ಟಿಗೆ 15/16 ಇಂಚಿನ ಸಾಕೆಟ್ ಹಾಕಿ ಪ್ರದಕ್ಷಿಣೆಯಾಗಿ ಕೈಯಿಂದ ತಿರುಗಿಸಿ. ಒಂದು ಕಡೆ ತಡೆದರೆ ಹಿಂದೆ ಮುಂದೆ ಅಲುಗಿಸಿ, ಉದ್ದ ಪೈಪ್ ಹಾಕಿ ಬಲವಂತ ಮಾಡಬೇಡಿ.

ಎರಡು ಪೂರ್ತಿ ಸುತ್ತು ಸಲೀಸಾದರೆ ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿ (289ಕ್ಕೆ ಫಿಲ್ಟರ್ ಸೇರಿ 5 ಕ್ವಾರ್ಟ್). ಡಿಸ್ಟ್ರಿಬ್ಯೂಟರ್ ಎತ್ತಿ, 1/4 ಇಂಚಿನ ಆರು ಮೂಲೆಯ ಸಾಕೆಟ್ಟನ್ನು ಡ್ರಿಲ್ಲಿಗೆ ಹಾಕಿ ಎಣ್ಣೆ ಪಂಪಿನ ಸಲಾಕೆಯನ್ನು ಅಪ್ರದಕ್ಷಿಣೆಯಾಗಿ ತಿರುಗಿಸಿ. ಸಾಕೆಟ್ ಒಳಗೆ ಬೀಳದಂತೆ ಟೇಪು ಸುತ್ತಿರಿ. ಡ್ರಿಲ್ಲಿನ ದನಿ ಭಾರವಾದಾಗ ಎಣ್ಣೆ ಬೇರಿಂಗಿಗೆ ಮುಟ್ಟಿದೆ. ಆಮೇಲೆ ಕಂಪ್ರೆಷನ್ ಪರೀಕ್ಷೆ: ಅತಿ ಕಡಿಮೆ ಒತ್ತಡದ ಸಿಲಿಂಡರ್ ಅತಿ ಹೆಚ್ಚಿನದರ ಮುಕ್ಕಾಲು ಪಾಲಾದರೂ ಇರಬೇಕು. ಹಳೇ ಟ್ಯಾಂಕಿನ ಪೆಟ್ರೋಲ್ ಬಳಸಬೇಡಿ, ಅದು ಅಂಟಾಗಿರುತ್ತದೆ. ಹೊರಗಿನ ಡಬ್ಬಿಯಿಂದ ಕೊಡಿ. 16 ಗ್ಯಾಲನ್ನಿನ ಹೊಸ ಟ್ಯಾಂಕ್ ಅಗ್ಗ, ಹಳೆಯದನ್ನು ತೊಳೆಯುವ ಶ್ರಮಕ್ಕೆ ಅರ್ಥವಿಲ್ಲ.

ಕಿಡಿ ಬರ್ತಿದೆ, ಪೆಟ್ರೋಲ್ ಬರ್ತಿದೆ, ಆದ್ರೆ ಕಾರ್ಬ್ಯುರೇಟರ್‌ನಿಂದ ಢಮ್ ಅನ್ನುತ್ತೆ.

ಕಿಡಿ ತಪ್ಪು ಹೊತ್ತಿಗೆ ಬರುತ್ತಿದೆ. ಫೋರ್ಡಿನಲ್ಲಿ ಒಂದನೇ ಸಿಲಿಂಡರ್ ಪ್ಯಾಸೆಂಜರ್ ಕಡೆ ಮುಂದಿನದು. ಹಿಂದಕ್ಕೆ 2, 3, 4. ಡ್ರೈವರ್ ಕಡೆ ಮುಂದಿನಿಂದ 5, 6, 7, 8. ಶೆವ್ರೊಲೆಯ ಚಿತ್ರ ನೋಡಿ ತಂತಿ ಹಾಕಿದವರು ಇಲ್ಲೇ ತಪ್ಪುತ್ತಾರೆ. ಕಿಡಿಯ ಕ್ರಮ 1-5-4-2-6-3-7-8, ಡಿಸ್ಟ್ರಿಬ್ಯೂಟರ್ ತಿರುಗುವುದು ಅಪ್ರದಕ್ಷಿಣೆಯಾಗಿ. ಒಂದನೇ ಪ್ಲಗ್ಗಿನ ತೂತಿಗೆ ಬೆರಳಿಟ್ಟು ಕ್ರ್ಯಾಂಕ್ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿ ಮುಂದಿನ ಬ್ಯಾಲೆನ್ಸರಿನ ಗುರುತು ಸೊನ್ನೆಗೆ ಬಂದಾಗ ರೋಟರ್ ಒಂದನೇ ತಂತಿಯ ಕಡೆ ನೋಡುತ್ತಿರಬೇಕು. ನೇರ ಎದುರು ನೋಡುತ್ತಿದ್ದರೆ ಡಿಸ್ಟ್ರಿಬ್ಯೂಟರ್ ಅರ್ಧ ಸುತ್ತು ತಪ್ಪಿ ಕೂತಿದೆ.

ಎಲ್ಲ ಸರಿ ಇದ್ದೂ ಢಮ್ ನಿಲ್ಲದಿದ್ದರೆ ಇಂಜಿನ್ ಮೂಲದ್ದೇ ಎಂದು ಪರೀಕ್ಷಿಸಿ. ಆಮೇಲಿನ ಕಾಲದ 5.0 ಎಚ್‌ಓ ಇಂಜಿನ್ ಹೊರಗಿಂದ ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ, ಅದರ ಕ್ರಮ 1-3-7-2-6-5-4-8.

ಬೇರೆ ಇಂಜಿನ್ ಅಥವಾ ಗೇರ್‌ಬಾಕ್ಸ್ ಹಾಕೋಣ ಅಂತಿದೀವಿ. ಏನು ನೋಡಬೇಕು?

ಎರಡು ಸಂಗತಿ. 1964ರ ಬೇಸಿಗೆಯ ತನಕ ಬಂದ ಇಂಜಿನ್ನುಗಳ ಹಿಂಬದಿಗೆ, ಗೇರ್ ಬಾಕ್ಸನ್ನು ಜೋಡಿಸುವ ಕವಚವಾದ ಐದು ಬೋಲ್ಟಿನ ಬೆಲ್‌ಹೌಸಿಂಗ್, ಆಮೇಲಿನವಕ್ಕೆ ಆರು. ಒಂದಕ್ಕೊಂದು ಕೂರುವುದಿಲ್ಲ. ಎರಡನೆಯದು ಸಮತೋಲ: 289ರ ಫ್ಲೈವೀಲ್ ಮತ್ತು ಮುಂದಿನ ಬ್ಯಾಲೆನ್ಸರ್ 28 ಔನ್ಸಿನ ಲೆಕ್ಕದವು, 1980ರ ದಶಕದ 5.0 ಇಂಜಿನ್ನಿನವು 50 ಔನ್ಸಿನವು. ಬೆರೆಸಿದರೆ ಬೋಲ್ಟುಗಳೆಲ್ಲ ಕೂರುತ್ತವೆ, ಇಂಜಿನ್ ಸ್ಟಾರ್ಟ್ ಕೂಡ ಆಗುತ್ತದೆ, ಆದರೆ ವೇಗ ಏರಿದಂತೆ ನಡುಗಿ ಬೇರಿಂಗ್ ತಿಂದುಹಾಕುತ್ತದೆ.

ಈಗಿನ ಪೆಟ್ರೋಲು, ಎಣ್ಣೆ ನಡೆಯುತ್ತಾ?

ಸೀಸದ ಪೆಟ್ರೋಲ್ ಅಮೆರಿಕದ ರಸ್ತೆಗಳಲ್ಲಿ 1996ರಿಂದ ನಿಷಿದ್ಧ. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ಕಡೆಗೆ ಗಟ್ಟಿ ವಾಲ್ವ್ ಸೀಟು ಹಾಕಿಸಿ, ಬಿಚ್ಚದೇ ಇದ್ದರೆ ಸದ್ಯಕ್ಕೆ ಹಾಗೇ ಓಡಿಸಿ. ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ಕರಗಿಸುವುದರಿಂದ ಪೆಟ್ರೋಲ್ ಹೋಸ್‌ಗಳೆಲ್ಲ ಹೊಸದಾಗಬೇಕು. ಈ ಇಂಜಿನ್ನಿನ ಚಪ್ಪಟೆ ಟ್ಯಾಪೆಟ್ಟಿಗೆ ಸತು ಹೆಚ್ಚಿರುವ ಎಣ್ಣೆ ಬೇಕು; ಹಳೇ ಕಾರುಗಳಿಗೆಂದೇ ಮಾರುವುದನ್ನು ಕೊಳ್ಳಿ. ಹೊಸ ಕ್ಯಾಮ್ ಹಾಕಿದ್ದರೆ ಮೊದಲ ಸ್ಟಾರ್ಟಿನಲ್ಲೇ 2,000 ಆರ್‌ಪಿಎಂ ಆಸುಪಾಸಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ. ಐಡಲ್‌ನಲ್ಲಿ ಬಿಟ್ಟರೆ ಕ್ಯಾಮಿನ ಮೂತಿ ಸವೆದು ಚಪ್ಪಟೆಯಾಗುತ್ತದೆ.

ಬ್ರೇಕು ಒರಿಜಿನಲ್ಲೇ ಇರಲಿ ಅಂತ ಮಗನ ಹಟ. ಬಿಡಲಾ?

ಡ್ರಮ್ ಇರಲಿ, ಮಾಸ್ಟರ್ ಸಿಲಿಂಡರ್ ಬೇಡ. 1965–66ರಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್. ಎಲ್ಲಿ ಒಂದು ಪೈಪ್ ಒಡೆದರೂ ಪೆಡಲ್ ನೆಲ ಮುಟ್ಟುತ್ತದೆ, ನಾಲ್ಕೂ ಬ್ರೇಕ್ ಹೋಗುತ್ತವೆ. 1967ರ ಮಾದರಿಯಿಂದ ಎರಡು ಕೋಣೆ ಬಂತು. ಆ ಥರದ್ದಕ್ಕೆ ಬದಲಿಸಿ. ನಾಲ್ಕು ವೀಲ್ ಸಿಲಿಂಡರ್, ಮೂರು ರಬ್ಬರ್ ಹೋಸ್, ಲೋಹದ ಪೈಪುಗಳು ಎಲ್ಲ ಹೊಸದಾಗಲಿ. ಅರ್ಧ ಹಳೆಯದು ಬಿಡುವ ಜಾಗ ಇದಲ್ಲ. ಗಾಳಿ ತೆಗೆಯುವ ಕ್ರಮ ಬಲ ಹಿಂದೆ, ಎಡ ಹಿಂದೆ, ಬಲ ಮುಂದೆ, ಎಡ ಮುಂದೆ. ಒಬ್ಬರು ಪೆಡಲ್ ಒತ್ತಿ 'ಹೂಂ' ಅಂದಾಗ ಇನ್ನೊಬ್ಬರು ಆ ಚಕ್ರದ ಗಾಳಿ ಬಿಡುವ ನಟ್ಟು ತೆರೆಯಬೇಕು, ಪೆಡಲ್ ಬಿಡುವ ಮುಂಚೆ ಮುಚ್ಚಬೇಕು.

## ಬಣ್ಣ ಮತ್ತು ರಸ್ತೆ

ಬಣ್ಣ ನಾವೇ ಹೊಡೀಬಹುದಾ?

ಮೂಲ ಬಣ್ಣ ಯಾವುದು ಎಂದು ಬಾಗಿಲ ಫಲಕದ ಅಕ್ಷರ ಹೇಳುತ್ತದೆ. ಎಂ ಇದ್ದರೆ ವಿಂಬಲ್ಡನ್ ವೈಟ್, ಎ ಇದ್ದರೆ ರೇವನ್ ಬ್ಲ್ಯಾಕ್. ಸಿದ್ಧತೆ ಪೂರ್ತಿ ಮನೆಯಲ್ಲಿ ಮಾಡಿ, ಕೊನೆಯ ಬಣ್ಣ ಮತ್ತು ಕ್ಲಿಯರ್ ಕೋಟ್ ಅಂಗಡಿಗೆ ಬಿಡಿ. ಗಟ್ಟಿಕಾರಕ ಸೇರಿಸುವ ಕ್ಲಿಯರ್‌ನಲ್ಲಿ ಐಸೊಸಯನೇಟ್ ಇದೆ. ಅದು ಶ್ವಾಸಕೋಶವನ್ನು ಜೀವನಪೂರ್ತಿ ಕೆಡಿಸಬಲ್ಲದು, ಹೊರಗಿನಿಂದ ಗಾಳಿ ಕೊಡುವ ಮುಖವಾಡವಿಲ್ಲದೆ ಮನೆಗೆ ಅಂಟಿದ ಗ್ಯಾರೇಜಿನಲ್ಲಿ ಹೊಡೆಯುವಂಥದ್ದಲ್ಲ.

ಬರಿ ತಗಡಿನ ಮೇಲೆ ಮೊದಲು ಎಪಾಕ್ಸಿ ಪ್ರೈಮರ್. ಪುಟ್ಟಿ 3 ಮಿ.ಮೀ. ಮೀರಬಾರದು, ಅದಕ್ಕಿಂತ ಆಳವಿದ್ದರೆ ತಗಡನ್ನೇ ಇನ್ನಷ್ಟು ಎಬ್ಬಿಸಬೇಕು. ಆಮೇಲೆ ದಪ್ಪ ಪ್ರೈಮರ್ ಹೊಡೆದು, ಮೇಲೆ ಬೇರೆ ಬಣ್ಣದ ಸ್ಪ್ರೇಯನ್ನು ತೆಳುವಾಗಿ ಧೂಳಿನಂತೆ ಬಿಟ್ಟು, ಉದ್ದನೆಯ ಮರದ ಹಲಗೆಗೆ ಉಜ್ಜುಕಾಗದ ಸುತ್ತಿ 180, 320, 400 ಗ್ರಿಟ್ಟಿನಲ್ಲಿ ಉಜ್ಜಿ. ಸ್ಪ್ರೇ ಉಳಿದ ಜಾಗ ತಗ್ಗು. ಇದೇ ಕೆಲಸಕ್ಕೆ ಅಂಗಡಿಯವರು ಹೆಚ್ಚು ದುಡ್ಡು ಕೇಳುವುದು. ಬಣ್ಣಕ್ಕೆ ಕಳಿಸುವ ಮುಂಚೆ ಬಾಗಿಲು, ಬಾನೆಟ್, ಮಡ್‌ಗಾರ್ಡ್, ಬಂಪರ್, ರಬ್ಬರ್ ಸಮೇತ ಎಲ್ಲವನ್ನೂ ಒಮ್ಮೆ ಜೋಡಿಸಿ ಸಂದು ನೋಡಿ. ಹೊಸ ರಬ್ಬರ್ ದಪ್ಪವಿರುತ್ತದೆ, ಅದು ಕೂತ ಮೇಲೆ ಬಾಗಿಲು ಬೇರೆಯಾಗಿಯೇ ಮುಚ್ಚುತ್ತದೆ.

ಮಗಳಿಗೆ ಲೈಸೆನ್ಸ್ ಬಂದ ಕೂಡಲೇ ಇದೇ ಗಾಡಿ ಕೊಡಬಹುದಾ?

ದಿನದ ಓಡಾಟಕ್ಕೆ ಬೇಡ. ಸ್ಟಿಯರಿಂಗ್ ಕಂಬ ಒಂದೇ ಉದ್ದನೆಯ ಸಲಾಕೆ, ಎದುರು ಗುದ್ದಿದರೆ ನೇರ ಎದೆಗೆ ಬರುತ್ತದೆ. ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ, ಅದಕ್ಕೂ ಹಿಂದಿನ ಸೀಟಿಗೂ ನಡುವೆ ಇರುವುದು ರಟ್ಟು. ಉಕ್ಕಿನ ಅಡ್ಡಗೋಡೆ ಹಾಕಿಸಿ. ಸೊಂಟಪಟ್ಟಿಯ ಬದಲು ಭುಜಕ್ಕೂ ಬರುವ ಮೂರು ಬಿಂದುವಿನ ಬೆಲ್ಟ್ ಹಾಕಿ. 7/16-20ರ ಗ್ರೇಡ್ 8 ಬೋಲ್ಟು, ಹಿಂದೆ ದಪ್ಪ ತಗಡಿನ ಆಸರೆ. ಇಷ್ಟೆಲ್ಲ ಮಾಡಿದ ಮೇಲೂ ಪಕ್ಕದಲ್ಲಿ ನೀವು ಕೂತಿರುವಾಗ ಓಡಿಸಲಿ. ಹಳೇ ಕಾರಿನ ವಿಮೆಗಳು ಹೊಸ ಚಾಲಕರನ್ನು ಸೇರಿಸಲು ಹಿಂದೇಟು ಹಾಕುತ್ತವೆ, ಪಾಲಿಸಿ ಕೊಳ್ಳುವ ಮುಂಚೆಯೇ ಅವಳ ವಯಸ್ಸು ಹೇಳಿ ಕೇಳಿ.

ಮೊದಲ ಸಲ ರಸ್ತೆಗೆ ತಂದ ಮೇಲೆ ಏನು ನೋಡಬೇಕು?

ಮೊದಲ ಸುತ್ತು ಮನೆಯ ಬೀದಿಯೊಳಗೆ, ಬೆಂಕಿ ನಂದಿಸುವ ಡಬ್ಬಿ ಕಾಲ ಹತ್ತಿರ. ಬಂದ ಕೂಡಲೇ ನಾಲ್ಕೂ ಡ್ರಮ್ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ವಿಪರೀತ ಕಾದಿದ್ದರೆ ಆ ಬ್ರೇಕ್ ಬಿಡುತ್ತಿಲ್ಲ ಅಥವಾ ಬೇರಿಂಗ್ ಬಿಗಿಯಾಗಿದೆ. ನೆಲಕ್ಕೆ ರಟ್ಟು ಹಾಸಿ ಗಾಡಿ ನಿಲ್ಲಿಸಿ, ಬೆಳಗ್ಗೆ ಹನಿಗಳ ಬಣ್ಣ ನೋಡಿ: ಕೆಂಪಾದರೆ ಟ್ರಾನ್ಸ್‌ಮಿಷನ್, ಹಸಿರಾದರೆ ರೇಡಿಯೇಟರ್, ಕಂದು ಅಥವಾ ಕಪ್ಪಾದರೆ ಇಂಜಿನ್ ಎಣ್ಣೆ. ಚಕ್ರದ ಒಳಬದಿಯಲ್ಲಿ ತಿಳಿ ದ್ರವ ಕಂಡರೆ ಅದು ಬ್ರೇಕಿನದು, ಗಾಡಿ ಅಲ್ಲೇ ನಿಲ್ಲಲಿ. 50 ಮೈಲಿಗೆ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿ ಮಾಡಿ, ಲೀಫ್ ಸ್ಪ್ರಿಂಗಿನ ಯು-ಬೋಲ್ಟ್, ಎಕ್ಸಾಸ್ಟ್ ಕೀಲುಗಳನ್ನೂ ನೋಡಿ. 500 ಮೈಲಿಗೆ ಎಣ್ಣೆ ಬದಲಿಸಿ, ಹಳೇ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದವನ್ನು ಬಿಡಿಸಿ. ಅಯಸ್ಕಾಂತಕ್ಕೆ ಅಂಟುವ ಚೂರು ಸಿಕ್ಕಿದರೆ ಕ್ಯಾಮ್ ಸವೆಯುತ್ತಿದೆ. ಮೊದಲ ದೊಡ್ಡ ಮಳೆಯ ಮರುದಿನ ಎರಡೂ ಕಡೆಯ ಕಾರ್ಪೆಟ್ಟಿನ ಮೂಲೆ ಎತ್ತಿ, ಅಡಿಯ ಸೆಣಬನ್ನು ಕೈಯಿಂದ ಒತ್ತಿ ನೋಡಿ.